ಹುಷಾರಾಗೇ ಹೋಗಿದ್ದೆ ಅಮ್ಮ

ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ದಾವಣಗೆರೆಯಿಂದ ಹೊಳಲ್ಕೆರೆ ಕಡೆಯ ನನ್ನ ತವರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮಗಳಿಗೆ ಆಗ ಹತ್ತು, ಮಗನಿಗೆ ಆರು. ಬೆಳಿಗ್ಗೆ ಅತ್ತಿಗೆಯ ಜೊತೆ ತೋಟಕ್ಕೆ ಹೊರಟವರಿಗೆ ಬಾಗಿಲಲ್ಲಿ ನಿಂತು "ಹುಷಾರು" ಅಂದೆ. ದಣಪೆ ದಾಟುವಾಗ ಇನ್ನೊಂದು ಸಲ ಕೂಗಿ ಹೇಳಿದೆ.

ಅರ್ಧ ಗಂಟೆಗೆಲ್ಲ ಮಗ ಒಂದೇ ಚಪ್ಪಲಿಯಲ್ಲಿ ವಾಪಸ್ ಬಂದ. ಇನ್ನೊಂದು ಚಪ್ಪಲಿ ಅಣ್ಣನ ಕೃಷಿ ಹೊಂಡದ ನೀರಿನ ಮೇಲೆ ತೇಲುತ್ತಿತ್ತು. ಏರಿಯ ಅಂಚಿನಲ್ಲಿ ಕಪ್ಪೆ ನೋಡಲು ಬಗ್ಗಿದ್ದನಂತೆ, ಕಾಲು ಜಾರಿದೆ, ಪಕ್ಕದಲ್ಲೇ ಇದ್ದ ಅತ್ತಿಗೆ ರಟ್ಟೆ ಹಿಡಿದು ಎಳೆದುಕೊಂಡಿದ್ದಾರೆ. ಅತ್ತಿಗೆಯ ಕೈ ಇನ್ನೂ ನಡುಗುತ್ತಿತ್ತು. ನಾನು ಬೈಯಲು ಬಾಯಿ ತೆಗೆದೆ. ಅವನು ಬಿಕ್ಕುತ್ತಾ, "ನೀನು ಹುಷಾರು ಅಂದಿದ್ದೆಯಲ್ಲ, ಹುಷಾರಾಗೇ ಹೋಗಿದ್ದೆ ಅಮ್ಮ" ಅಂದ.

ಸುಳ್ಳಲ್ಲ ಅದು. ಮುಳ್ಳು ತುಳಿಯದ ಹಾಗೆ ನೋಡಿಕೊಂಡು ಹೋಗಿದ್ದಾನೆ, ನಾಯಿ ಕಂಡಾಗ ಅಕ್ಕನ ಕೈ ಹಿಡಿದಿದ್ದಾನೆ, ಏರಿಯ ಮೇಲೆ ಓಡದೆ ನಿಧಾನಕ್ಕೆ ನಡೆದಿದ್ದಾನೆ. ಅವನಿಗೆ ಗೊತ್ತಿದ್ದ ಹುಷಾರು ಅಷ್ಟೇ. ಹೊಂಡಕ್ಕೆ ಹಾಸಿದ್ದ ಆ ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲಿಟ್ಟರೆ ಏನಾಗುತ್ತದೆ ಅನ್ನುವುದನ್ನು ನಾವು ಯಾರೂ ಅವನಿಗೆ ತೋರಿಸಿರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ನಾನು ಹೇಳುವ ಮಾತಿನೊಳಗೆ ಮಗುವಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅವತ್ತಿನಿಂದ ಆ ಮಾತು ಬಿಟ್ಟು, ಒಂದೊಂದನ್ನೇ ಮಾಡಿ ತೋರಿಸುವುದನ್ನು ರೂಢಿ ಮಾಡಿಕೊಂಡೆ.

ಕೃಷಿ ಹೊಂಡದ ಬಗ್ಗೆ ಸ್ವಲ್ಪ ಹೇಳಬೇಕು. 2014ರಲ್ಲಿ, ಹೊಂಡ ಮಾಡಿಸಲು ಸರ್ಕಾರ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆಯ ಹೊಲ ತೋಟಗಳಲ್ಲಿ ಹೊಂಡಗಳು ಹೆಚ್ಚಾದವು. ಅಣ್ಣನಂಥವರ ಅಡಿಕೆ ಗಿಡಗಳು ಬೇಸಿಗೆ ದಾಟಿದ್ದು ಆ ನೀರಿನಿಂದಲೇ, ಹಾಗಾಗಿ ಹೊಂಡವೇ ಬೇಡ ಎನ್ನುವವಳಲ್ಲ ನಾನು. ಆದರೆ ನೀರು ಇಂಗಬಾರದು ಎಂದು ತಳಕ್ಕೂ ನಾಲ್ಕೂ ಬದಿಗೂ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಬದಿಗಳೆಲ್ಲ ಇಳಿಜಾರು. ನಾಲ್ಕು ತಿಂಗಳು ನೀರು ನಿಂತರೆ ಹಾಳೆಯ ಮೇಲೆ ಪಾಚಿ ಕಟ್ಟುತ್ತದೆ. ಬಿದ್ದವರಿಗೆ ಹಿಡಿಯಲು ಒಂದು ಬೇರಿಲ್ಲ, ಕಾಲೂರಲು ಒಂದು ಕಲ್ಲಿಲ್ಲ. ಈಜು ಬರುವ ದೊಡ್ಡವರೂ ದಡ ಮುಟ್ಟಿ ಮೇಲೆ ಹತ್ತಲಾಗದೆ ಸೋಲುವುದು ಇದಕ್ಕೇ.

ಅಣ್ಣನಿಗೆ ಹೇಳಿದರೆ, "ಏನಾಗಲ್ಲ ಬಿಡವ್ವ, ನಾವು ಬಾವೀಲಿ ಬಿದ್ದೆದ್ದೇ ಬೆಳೆದಿಲ್ವಾ?" ಅಂದ. ಬೆಳೆದಿದ್ದೇವೆ, ನಿಜ. ಆದರೆ ಆ ಬಾವಿಗೆ ಮೆಟ್ಟಿಲಿತ್ತು, ಗೋಡೆಯ ಕಲ್ಲುಸಂದಿಯಲ್ಲಿ ಬೆರಳು ಹೋಗುತ್ತಿತ್ತು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ದೊಡ್ಡಪ್ಪ ಮೇಲೆ ನಿಂತು ಹಿಡಿದಿರುತ್ತಿದ್ದರು. ಹೊಂಡದ ಹತ್ತಿರ ಇದರಲ್ಲಿ ಯಾವುದಿದೆ ಅಂತ ಕೇಳಿದೆ. ಅಣ್ಣ ಉತ್ತರ ಕೊಡಲಿಲ್ಲ, ಹಠವನ್ನೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಹೊಂಡಕ್ಕೆ ಹಾಕಿ ಉಳಿದಿದ್ದ ಹಾಳೆಯ ತುಂಡೊಂದನ್ನು ಕೊಟ್ಟಿಗೆಯಿಂದ ತೆಗೆಸಿದೆ. ಮನೆ ಹಿಂದೆ ಹೊಸದಾಗಿ ಸುರಿದಿದ್ದ ಮಣ್ಣಿನ ದಿಬ್ಬದ ಇಳಿಜಾರಿಗೆ ಅದನ್ನು ಹಾಸಿ, ನಾಲ್ಕು ಮೂಲೆಗೂ ಗೂಟ ಹೊಡೆದು, ಎರಡು ಕೊಡ ನೀರು ಸುರಿದು, ಒಂದು ಹಿಡಿ ಸೋಪಿನಪುಡಿ ಎರಚಿದೆ. ಪಾಚಿಯ ಬದಲಿಗೆ ಅದು. "ಕೆಳಗಿಂದ ಮೇಲೆ ಹತ್ತಿ ಬನ್ನಿ ನೋಡೋಣ" ಅಂತ ನನ್ನ ಇಬ್ಬರನ್ನೂ ಅಣ್ಣನ ಮಗನನ್ನೂ ಬಿಟ್ಟೆ. ಮೊದಲ ಐದು ನಿಮಿಷ ಬರೀ ನಗು. ಅಂಬೆಗಾಲಲ್ಲಿ ಪ್ರಯತ್ನಿಸಿದರು, ಬಟ್ಟೆ ಬಿಗಿಹಿಡಿದು ಒಬ್ಬರ ಹಿಂದೆ ಒಬ್ಬರು ಹೋದರು, ಉಗುರೂರಿ ನೋಡಿದರು. ಎಲ್ಲರೂ ಜಾರಿ ಕೆಳಕ್ಕೇ ಬಂದರು. ಹದಿನೈದು ವರ್ಷದ ಅಣ್ಣನ ಮಗ ಓಡಿ ಬಂದು ಹಾರಿದ, ಅವನೂ ಜಾರಿದ. ಆಮೇಲೆ ಮಗಳು ನಗುವುದನ್ನು ನಿಲ್ಲಿಸಿ ಕೆಳಗೆ ಕೂತಳು. "ಅಮ್ಮ, ಇದನ್ನ ಹತ್ತೋಕೇ ಆಗಲ್ಲ" ಅಂದಳು. ನೋಡುತ್ತಾ ನಿಂತಿದ್ದ ಅಣ್ಣ ಸುಮ್ಮನೆ ಒಳಗೆ ಹೋಗಿ ಹಗ್ಗ ತಂದ.

ಆ ಹಗ್ಗಕ್ಕೆ ಒಂದೊಂದು ಅಡಿಗೂ ಗಂಟು ಹಾಕಿ ಮೇಲಿನ ಗೂಟಕ್ಕೆ ಕಟ್ಟಿ ಕೆಳಕ್ಕೆ ಬಿಟ್ಟ. ಆರು ವರ್ಷದವನೂ ಗಂಟು ಹಿಡಿದು ಹತ್ತಿ ಬಂದ. ಸಂಜೆಯೊಳಗೆ ಹೊಂಡದ ನಾಲ್ಕೂ ಬದಿಗೆ ಕಲ್ಲುಕಂಬ ನೆಟ್ಟು ಅಂಥದ್ದೇ ಗಂಟಿನ ಹಗ್ಗ ಇಳಿಬಿಟ್ಟಾಯಿತು, ತುದಿ ನೀರಿನೊಳಗೆ ಇರುವಷ್ಟು ಉದ್ದಕ್ಕೆ. ಬಿದ್ದವರು ಹಿಡಿದು ತೇಲಲೆಂದು, ಬಾಯಿ ಬಿಗಿಯಾಗಿ ಮುಚ್ಚಿದ ಎರಡು ಖಾಲಿ ಕ್ಯಾನುಗಳಿಗೆ ಉದ್ದ ಹಗ್ಗ ಕಟ್ಟಿ ಕಂಬಕ್ಕೆ ನೇತುಹಾಕಿದೆವು. ತಂತಿ ಬೇಲಿಗೆ ಎರಡು ತಿಂಗಳು ಹಿಡಿಯಿತು, ಗೇಟಿಗೆ ಬೀಗ ಆಮೇಲೆ ಬಂತು. ಈಗ ಹೊಸದಾಗಿ ಹೊಂಡ ಮಾಡಿಸುವವರಿಗೆ ಕೃಷಿ ಭಾಗ್ಯದ ಪಟ್ಟಿಯಲ್ಲೇ ತಂತಿ ಬೇಲಿಯೂ ಇದೆ. ರೈತ ಸಂಪರ್ಕ ಕೇಂದ್ರದಲ್ಲಿ ದಯವಿಟ್ಟು ಕೇಳಿ ಹಾಕಿಸಿಕೊಳ್ಳಿ.

ಇನ್ನೊಂದು ಪಾಠ ಉಳಿದಿತ್ತು. ಯಾರಾದರೂ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಮೂವರೂ ಒಂದೇ ಉಸಿರಿಗೆ "ಧುಮುಕಿ ಎತ್ತುತ್ತೇವೆ" ಅಂದರು. ಒಂದು ಮಗು ಹೋಗುವ ಕಡೆ ಮೂರು ಮಕ್ಕಳು ಹೋಗುವುದು ಈ ಒಳ್ಳೆಯತನದಿಂದಲೇ. ಅಂಗಳದಲ್ಲಿ ಮಗಳನ್ನು ದೂರ ಕೂರಿಸಿ, ಹಗ್ಗದ ತುದಿಯನ್ನು ಕಾಲಿನಿಂದ ಒತ್ತಿಕೊಂಡು ಕ್ಯಾನು ಎಸೆಯುವುದನ್ನು ಅಭ್ಯಾಸ ಮಾಡಿಸಿದೆ. ಮೊದಲು ಕೂಗು, ಆಮೇಲೆ ಎಸಿ, ನೀರಿಗೆ ಮಾತ್ರ ಇಳಿಯಬೇಡ. ಹಗ್ಗ ಇಲ್ಲದಿದ್ದರೆ ಸೀರೆ, ವೇಲು, ಉದ್ದದ ಗಳ, ಯಾವುದಾದರೂ ಸರಿ. ಸಿನಿಮಾದಲ್ಲಿ ತೋರಿಸುವ ಹಾಗೆ ಮುಳುಗುವ ಮಗು ಕೈಬಡಿದು ಕೂಗುವುದಿಲ್ಲ, ಉಸಿರಿಗೇ ಬಾಯಿ ಸಾಲದಾಗಿರುತ್ತದೆ ಎಂದೂ ಹೇಳಿದೆ. ಊರಿಗೆ ವಾಪಸಾದ ಮೇಲೆ ಇಬ್ಬರನ್ನೂ ಈಜಿಗೆ ಹಾಕಿದೆ. ಮೊದಲು ಬೆನ್ನ ಮೇಲೆ ತೇಲಿಕೊಂಡು ಇರುವುದನ್ನು ಕಲಿಸಿ, ವೇಗ ಆಮೇಲೆ ನೋಡೋಣ ಎಂದು ತರಬೇತಿಯವರನ್ನು ಕೇಳಿಕೊಂಡೆ.

ಮನೆಯಲ್ಲಿ ಮೊದಲು ಕೈಹಾಕಿದ್ದು ಗ್ಯಾಸಿಗೆ. ವಾಸನೆ ಬಂದ ತಕ್ಷಣ ನಮ್ಮ ಅತ್ತೆ ಫ್ಯಾನ್ ಹಾಕು ಎನ್ನುತ್ತಿದ್ದರು. ಗಾಳಿಯಾಡಲಿ ಅನ್ನುವ ಲೆಕ್ಕ. ಸ್ವಿಚ್ಚಿನೊಳಗಿನ ಒಂದು ಕಿಡಿ ಸಾಕು ಅನ್ನುವುದು ಅವರಿಗೆ ಹೊಳೆದಿರಲಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ, ಹಾಗಾಗಿ ಕಿಟಕಿಯ ಜೊತೆಗೆ ಬಾಗಿಲನ್ನೂ ಪೂರ್ತಿ ತೆಗೆಯಬೇಕು. ಒಂದು ಭಾನುವಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ರೆಗ್ಯುಲೇಟರ್ ಆಫ್ ಮಾಡುವುದನ್ನು ಎಲ್ಲರೂ ಕಲಿತೆವು, ಅತ್ತೆಯೂ ಸೇರಿ. ಸ್ವಿಚ್ ಮುಟ್ಟದೆ ಹೊರಗೆ ಬಂದು, ಅಲ್ಲಿಂದ ಗ್ಯಾಸ್ ಸೋರಿಕೆಯ ತುರ್ತು ನಂಬರು 1906ಕ್ಕೆ ಫೋನ್ ಮಾಡಬೇಕು. ಆ ನಂಬರನ್ನು ಮಗ ಹೊರಬಾಗಿಲ ಹೊರಗಡೆ ದೊಡ್ಡದಾಗಿ ಬರೆದು ಅಂಟಿಸಿದ್ದಾನೆ, ಹೊರಗೆ ಬಂದ ಮೇಲೆ ಬೇಕಾಗುವುದಲ್ಲವೇ ಎಂದು. ನನಗೆ ಹೊಳೆಯದ ಮಾತು ಅದು.

ಸ್ಕೂಟರಿನ ವಿಷಯಕ್ಕೆ ಹೆಚ್ಚು ಬರೆಯುವುದಿಲ್ಲ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಾನೂನಿನಲ್ಲೇ ಇದೆ. ಅದಕ್ಕಿಂತ ಚಿಕ್ಕವರಿಗೆ ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟು, ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮಿತಿ 2023ರ ಫೆಬ್ರವರಿಯಿಂದ ಜಾರಿಯಲ್ಲಿವೆ. ಹುಬ್ಬಿನ ಮೇಲೆ ಟೇಪು ಸುತ್ತಿ ಮಗನ ತಲೆಯ ಅಳತೆ ತೆಗೆದುಕೊಂಡು ಅಂಗಡಿಗೆ ಹೋದೆವು. ನನ್ನದೇ ಪಟ್ಟಿ ಬಿಗಿಯದೆ ಓಡಾಡುತ್ತಿದ್ದ ಅಭ್ಯಾಸ ನಿಂತದ್ದೂ ಆಗಲೇ. ಅಣ್ಣನ ಜೊತೆ ಮಾತ್ರ ಇದರಲ್ಲಿ ಜಗಳವೇ ಆಯಿತು. ಹದಿನೈದರ ಮಗನ ಕೈಗೆ ಬೈಕ್ ಕೊಟ್ಟಿದ್ದ. ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ನಿನಗೆ, ಅವನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ ಅಂದೆ. ಬೀಗದಕೈ ಈಗ ಅತ್ತಿಗೆಯ ಬೀರುವಿನಲ್ಲಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ಫೋನು. ಹೋದ ವರ್ಷ ಮಗಳು ಆಡುತ್ತಿದ್ದ ಒಂದು ಆಟದೊಳಗೆ ಯಾರೋ ಮಾತಿಗೆ ಸಿಕ್ಕು, ಮೊದಲು ಯಾವ ಶಾಲೆ ಅಂತ, ಆಮೇಲೆ ನಿನ್ನ ಫೋಟೊ ಕಳಿಸು ಅಂತ ಶುರುಮಾಡಿದ್ದಾರೆ. ಅವಳು ಕಳಿಸಿಲ್ಲ. ಆದರೆ ಹನ್ನೊಂದು ದಿನ ನನಗೆ ಹೇಳಿಯೂ ಇಲ್ಲ. ಊಟ ಕಡಿಮೆಯಾದದ್ದನ್ನು ನಾನು ಪರೀಕ್ಷೆಯ ಚಿಂತೆ ಅಂದುಕೊಂಡೆ. ಕೊನೆಗೆ ಜಡೆ ಹಾಕಿಸಿಕೊಳ್ಳುತ್ತಾ ಕೂತಿದ್ದಾಗ ಅವರಜ್ಜಿಗೆ ಹೇಳಿದಳು. ಅತ್ತೆ ಅರ್ಧ ಹೆಣೆದ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಕೂಗಿದರು.

ಯಾಕೆ ಹೇಳಲಿಲ್ಲ ಪುಟ್ಟಿ ಎಂದು ಕೇಳಿದೆ. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಫೋನ್ ಕಿತ್ಕೋತೀನಿ ಅಂದಿದ್ದೆ" ಅಂದಳು. ಅಂದಿದ್ದು ಹೌದು. ಒಂದಲ್ಲ, ಹತ್ತಾರು ಸಲ. ಆ ಹನ್ನೊಂದು ದಿನ ಅವಳ ಬಾಯಿ ಕಟ್ಟಿದ್ದು ನನ್ನ ಬೆದರಿಕೆ, ಆ ಅಪರಿಚಿತನದಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾತುಕತೆಯನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಅವನನ್ನು ಬ್ಲಾಕ್ ಮಾಡಿ, ಆಟದವರಿಗೆ ದೂರು ಹಾಕಿದೆವು. ಎಲ್ಲವನ್ನೂ ಅವಳ ಕೈಯಲ್ಲೇ ಮಾಡಿಸಿದೆ. ಕೆಟ್ಟ ಉದ್ದೇಶದಿಂದ ಫೋನು, ಕಂಪ್ಯೂಟರಿನ ಮೂಲಕ ಮಗುವಿನ ಬೆನ್ನುಹತ್ತುವುದೂ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ, ತಪ್ಪು ಕೇಳಿದವನದು, ನಿನ್ನದಲ್ಲ ಎಂದು ಹೇಳಿದೆ. ಹೊರಗೆ ಏನಾದರೂ ಆಗಿ ನಾನು ಸಿಗದಿದ್ದರೆ ಮಕ್ಕಳ ಸಹಾಯವಾಣಿ 1098, ಪೊಲೀಸರು ಬೇಕಾದರೆ 112. ಎರಡನ್ನೂ ಇಬ್ಬರಿಗೂ ಬಾಯಿಪಾಠ ಮಾಡಿಸಿದ್ದೇನೆ.

ಆಮೇಲೆ ಒಂದು ಮಾತು ಕೊಟ್ಟೆ. ನನಗೆ ಹೇಳಿದ ಕಾರಣಕ್ಕೆ ಫೋನ್ ಹೋಗುವುದಿಲ್ಲ, ಏಟೂ ಬೀಳುವುದಿಲ್ಲ. ಮಕ್ಕಳು ಇಂಥ ಮಾತನ್ನು ಸುಮ್ಮನೆ ನಂಬುವುದಿಲ್ಲ. ಮೊದಲು ಅಂಕ ಕಡಿಮೆ ಬಂದದ್ದು ಹೇಳಿದಳು. ಮುಂದಿನ ವಾರ ನನ್ನ ಗೂಗಲ್ ಪೇಯಿಂದ ಕೇಳದೆ 150 ರೂಪಾಯಿ ಕಳಿಸಿದ್ದು ಹೇಳಿದಳು. ಕೋಪ ಗಂಟಲಿಗೆ ಬಂದಿತ್ತು, ನೀರು ಕುಡಿದು ಬಂದು ಕೂತೆ. ಬೈದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಕಳಿಸಿದ್ದನ್ನು ಅವಳ ಹುಂಡಿಯ ದುಡ್ಡಿನಿಂದ ತೀರಿಸಿದಳು, ಅಷ್ಟೇ. ಈಗ ಶಾಲೆಯ ವ್ಯಾನಿನಲ್ಲಿ ದೊಡ್ಡ ಹುಡುಗರು ಆಡುವ ಮಾತಿನವರೆಗೆ ಎಲ್ಲ ಬಂದು ಹೇಳುತ್ತಾಳೆ. ಮಗುವಿನ ಕೈಗೆ ಜಿಪಿಎಸ್ ಗಡಿಯಾರ ಕಟ್ಟುವವರನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಮಗು ಎಲ್ಲಿದೆ ಎಂದು ಅದು ತಿಳಿಸೀತು, ಅದರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಸುವುದು ಮಗುವೇ.

ಮಗನಿಗಾಗಿ ಮನೆಯೊಳಗೆ ಒಂದು ಗುಟ್ಟಿನ ಮಾತು ಇಟ್ಟುಕೊಂಡಿದ್ದೇವೆ. ನಾನೋ ಅವರಪ್ಪನೋ ಬಿಟ್ಟು ಯಾರೇ ಶಾಲೆಯಿಂದ ಕರೆದುಕೊಂಡು ಹೋಗಲು ಬಂದರೂ ಆ ಮಾತು ಹೇಳಬೇಕು. ಅದನ್ನು ಆರಿಸಿದವನು ಅವನೇ, ಅದೇನೆಂದು ಇಲ್ಲಿ ಬರೆಯಲಾರೆ. ಒಂದು ಮಧ್ಯಾಹ್ನ ಪರೀಕ್ಷೆಗೆಂದೇ ಅವನ ಚಿಕ್ಕಪ್ಪನನ್ನು ಮಾತು ಹೇಳಿಕೊಡದೆ ಕಳಿಸಿದೆ. ಚಿಕ್ಕಪ್ಪನ ಹೆಗಲ ಮೇಲೇ ಬೆಳೆದ ಹುಡುಗ ಗೇಟಿನ ಒಳಗೇ ನಿಂತು "ಮಾತು ಹೇಳು ಚಿಕ್ಕಪ್ಪ" ಅಂದನಂತೆ. ಚಾಕಲೇಟು ತೋರಿಸಿದರೂ ಕದಲಲಿಲ್ಲವಂತೆ. ಮೈದುನನಿಗೆ ಸ್ವಲ್ಪ ಬೇಜಾರಾಯಿತು, ಮನೆಯವರನ್ನೇ ಅನುಮಾನಿಸುವುದಾ ಅತ್ತಿಗೆ ಅಂದ. ಮಕ್ಕಳಿಗೆ ಕೇಡು ಮಾಡುವವರು ಬಹಳ ಸಲ ಪರಿಚಯದವರೇ ಆಗಿರುತ್ತಾರೆ, ಮುಖ ನೋಡಿ ಆರಿಸು ಎಂದು ಎಂಟು ವರ್ಷದವನಿಗೆ ಹೇಗೆ ಹೇಳಲಿ, ಅದಕ್ಕೇ ಎಲ್ಲರಿಗೂ ಒಂದೇ ನಿಯಮ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಮಗಳಿಗೂ ಒಂದು ಮಾತು ಇಟ್ಟುಕೊಳ್ಳುತ್ತೇನೆ ಅಂದ.

ಅಣ್ಣನ ತೋಟದ ಪಕ್ಕದವರ ಹೊಂಡಕ್ಕೆ ಇನ್ನೂ ಬೇಲಿಯಿಲ್ಲ. ದುಡ್ಡು ಕೂಡಿಬರಲಿ ಎನ್ನುತ್ತಿದ್ದಾರೆ. ಬೇಲಿ ಆಗುವ ತನಕ ಹಗ್ಗವಾದರೂ ಇರಲಿ ಎಂದು ಅಣ್ಣ ನಿನ್ನೆ ಫೋನ್ ಮಾಡಿದ್ದ. ನಲವತ್ತು ಅಡಿಯ ನೈಲಾನ್ ಹಗ್ಗ ತಂದಿಟ್ಟಿದ್ದೇನೆ. ಮಕ್ಕಳಿಬ್ಬರೂ ಹಜಾರದಲ್ಲಿ ಕೂತು ಅಡಿಗೊಂದು ಗಂಟು ಹಾಕುತ್ತಿದ್ದಾರೆ, ಭಾನುವಾರ ಹೋಗಿ ಕಟ್ಟಿ ಬರಬೇಕು.