ಕ್ಲಾಸಿಕ್ 350ಗೆ ಬಿಚ್ಚಿಡುವ ವಿಂಡ್‌ಶೀಲ್ಡ್: ಮೂಗಿನ ಮಟ್ಟವೇ ಅಳತೆ

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಬೈಕಿನಲ್ಲಿ ಹೋದವರಿಗೆ ಹಿರಿಯೂರು ದಾಟಿದ ಮೇಲಿನ ಗಾಳಿ ಗೊತ್ತಿರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ನನ್ನದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ನೆಟ್ಟಗೆ ಕೂತು ಓಡಿಸುವ ಗಾಡಿ. ಎದುರುಗಾಳಿ ಪೂರ್ತಿ ಎದೆಗೇ ಹೊಡೆಯುತ್ತದೆ. ವೇಗ ಒಂದೂವರೆ ಪಟ್ಟಾದರೆ ಗಾಳಿಯ ಒತ್ತಡ ಎರಡೂಕಾಲು ಪಟ್ಟಾಗುತ್ತದೆ. ಅಂದರೆ 60ರಲ್ಲಿ ಹಿತವಾಗಿದ್ದ ಗಾಳಿಯೇ 90ರಲ್ಲಿ ನಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ದಾವಣಗೆರೆ ಮುಟ್ಟುವಷ್ಟರಲ್ಲಿ ಕತ್ತು ಹಿಡಿದುಕೊಂಡು, ಅಂಗೈ ಜೋಮು ಬಂದಿರುತ್ತಿತ್ತು.

ಅದಕ್ಕೇ ಹ್ಯಾಂಡಲ್ ಮುಂದೆ ಗಾಳಿ ತಡೆಯುವ ಪಾರದರ್ಶಕ ವಿಂಡ್‌ಶೀಲ್ಡ್ ಹಾಕೋಣ ಅನ್ನಿಸಿತು. ಆದರೆ ಯಾವಾಗಲೂ ಹಾಕಿಯೇ ಇರುವ ಶೀಲ್ಡ್ ನನಗೆ ಬೇಡವಾಗಿತ್ತು. ಏಪ್ರಿಲ್ ಬಿಸಿಲಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟುವಾಗ ಎದೆಗೆ ಸಿಗುವ ಅಷ್ಟಿಷ್ಟು ಗಾಳಿಯನ್ನೂ ತಡೆದರೆ ಜಾಕೆಟ್ ಒಳಗೆ ಬೆಂದೇ ಹೋಗುತ್ತೇವೆ. ಮೈಸೂರು ಕಡೆಗೂ ಅದರ ಅಗತ್ಯವಿಲ್ಲ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುತ್ತಿಲ್ಲ, ಸರ್ವಿಸ್ ರೋಡಿನಲ್ಲಿ ಆ ಸ್ಪೀಡೇ ಬರಲ್ಲ. ಹಾಗಾಗಿ ಬೇಕಾದಾಗ ಹಾಕಿ, ಬೇಡವಾದಾಗ ಬಿಚ್ಚಿಡುವಂಥದ್ದನ್ನೇ ಹುಡುಕಿದೆ.

ಮೊದಲು ಗೆಳೆಯನ ಎತ್ತರದ ಶೀಲ್ಡ್ ಎರವಲು ತಂದು ನೆಲಮಂಗಲದಾಚೆ ಓಡಿಸಿ ನೋಡಿದೆ. ಎದೆಗೆ ಗಾಳಿ ನಿಂತಿತು, ತಲೆಗೆ ಶುರುವಾಯಿತು! ಹೆಲ್ಮೆಟ್ ಗಡಗಡ ಅಲುಗಾಡುತ್ತಿತ್ತು, ಸದ್ದು ಮೊದಲಿಗಿಂತ ಜಾಸ್ತಿ. ಶೀಲ್ಡಿನ ಮೇಲಂಚಿನಿಂದ ಹಾರುವ ಗಾಳಿ ಸುರುಳಿ ಸುತ್ತುತ್ತದೆ, ಆ ಸುಳಿ ಸರಿಯಾಗಿ ಹೆಲ್ಮೆಟ್‌ಗೆ ಬಂದು ಬಡಿಯುತ್ತದೆ. ಏನೂ ಇಲ್ಲದಾಗ ಬರುವ ಗಾಳಿ ಜೋರಾಗಿದ್ದರೂ ಒಂದೇ ಸಮ ಇರುತ್ತದೆ, ಕತ್ತು ಅದಕ್ಕೆ ಒಗ್ಗಿಕೊಳ್ಳುತ್ತದೆ. ಸುಳಿಗಾಳಿಗೆ ಒಗ್ಗುವುದು ಕಷ್ಟ. ಗೆಳೆಯ ನನಗಿಂತ ಗಿಡ್ಡ, ಅವನಿಗೆ ಅದೇ ಶೀಲ್ಡ್ ಆರಾಮ. ಅಂಗಡಿಯವರು ಗಾಡಿ ಯಾವುದು ಅಂತ ಮಾತ್ರ ಕೇಳುತ್ತಾರೆ, ಓಡಿಸುವವನ ಎತ್ತರ ಕೇಳುವುದೇ ಇಲ್ಲ.

ಎತ್ತರ ಗೊತ್ತು ಮಾಡಲು ರಟ್ಟಿನ ಪೆಟ್ಟಿಗೆ ಸಾಕಾಯಿತು. ಶೀಲ್ಡಿನ ಆಕಾರಕ್ಕೆ ರಟ್ಟು ಕತ್ತರಿಸಿ, ಮಾಸ್ಕಿಂಗ್ ಟೇಪ್ ಹಚ್ಚಿ ಹ್ಯಾಂಡಲ್‌ಗೆ ಕಟ್ಟಿದೆ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ತಮ್ಮನನ್ನು ಹಿಡಿದುಕೊಳ್ಳಲು ಹೇಳಿ, ಹೆಲ್ಮೆಟ್ ಜಾಕೆಟ್ ಹಾಕಿಕೊಂಡೇ ಕೂತೆ. ನಾವು ಕೂತಾಗ ಶಾಕ್ಸ್ ಇಳಿಯುತ್ತವೆ, ಸ್ಟ್ಯಾಂಡ್ ಮೇಲಿನ ಅಳತೆ ಅದಕ್ಕೇ ಸುಳ್ಳು. ಮೇಲಂಚು ಮೂಗಿನ ಮಟ್ಟಕ್ಕೆ ಬರುವ ತನಕ ರಟ್ಟನ್ನು ಚೂರು ಚೂರೇ ಕತ್ತರಿಸಿದೆ. ಮುಂದಿನ ರಸ್ತೆ ಅಂಚಿನ ಮೇಲಿಂದ ಕಾಣಬೇಕು, ಶೀಲ್ಡಿನ ಒಳಗಿಂದ ಅಲ್ಲ. ಅದಕ್ಕೇನು ವೈಪರ್ ಇರುತ್ತಾ? ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹನಿ ಕಟ್ಟಿದರೆ, ರಾತ್ರಿ ಎದುರು ಲಾರಿಯ ಹೈ ಬೀಮ್ ಗೀರುಗಳ ಮೇಲೆ ಬಿದ್ದರೆ ಏನೂ ಕಾಣಲ್ಲ.

ಇನ್ನು ಶೀಲ್ಡ್ ಯಾವ ಪ್ಲಾಸ್ಟಿಕ್‌ನದು ಅನ್ನುವ ಪ್ರಶ್ನೆ. ಅಕ್ರಿಲಿಕ್ ನೋಡಲು ತಿಳಿಯಾಗಿರುತ್ತದೆ, ಬೇಗ ಗೀರು ಬೀಳಲ್ಲ, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ಪಾಲಿಕಾರ್ಬೊನೇಟ್ ಬಾಗುತ್ತದೆ, ಸುಲಭಕ್ಕೆ ಒಡೆಯಲ್ಲ. ಲಾರಿ ಚಕ್ರದಿಂದ ಜಲ್ಲಿ ಸಿಡಿಯುವ ರಸ್ತೆಗೆ ಎರಡನೆಯದೇ ಸರಿ ಅಂತ ಗೀರು ತಡೆಯುವ ಕೋಟಿಂಗ್ ಇರುವುದನ್ನು ತಗೊಂಡೆ.

ಬೆಲೆಗಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಶೀಲ್ಡನ್ನು ಗಾಡಿಗೆ ಕಚ್ಚಿಸುವ ಕ್ಲ್ಯಾಂಪಿನ ಬಗ್ಗೆ. ಕ್ಲಾಸಿಕ್‌ನಲ್ಲಿ ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆಗಳ) ಮೇಲ್ಭಾಗ ಮುಚ್ಚಿರುವುದರಿಂದ ಹ್ಯಾಂಡಲ್ ಬಾರ್‌ಗೇ ಕಚ್ಚಿಸಬೇಕು. ಬಾರಿನ ದಪ್ಪ ಕ್ಲ್ಯಾಂಪಿಗೆ ಹೊಂದುವ 22 ಮಿ.ಮೀ. ಇದ್ದರೂ ಕ್ಲ್ಯಾಂಪ್ ನಿಧಾನಕ್ಕೆ ಜಾರುತ್ತಿತ್ತು. ಹಳೇ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ನಡುವೆ ಸುತ್ತಿದ ಮೇಲೆ ಅಲ್ಲಾಡಿಲ್ಲ. ನಟ್ ಸಡಿಲವಾಗದಿರಲಿ ಅಂತ ಕೆಲವರು ಲಾಕ್‌ಟೈಟ್ ಅನ್ನುವ ಅಂಟು ಹಾಕುತ್ತಾರೆ. ಶೀಲ್ಡಿನ ತೂತಿನ ಹತ್ತಿರ ಅದು ಬೇಡವೇ ಬೇಡ, ಪಾಲಿಕಾರ್ಬೊನೇಟ್‌ಗೆ ತಾಗಿದರೆ ಬಿರುಕು ಬಿಡುತ್ತದೆ. ರಬ್ಬರ್ ವಾಷರ್, ಒಳಗೆ ನೈಲಾನ್ ಬಳೆ ಇದ್ದು ಸಡಿಲವಾಗದ ನೈಲಾಕ್ ನಟ್ ಸಾಕು. ಕೂರಿಸಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಕ್ಲಚ್ ಕೇಬಲ್ ಬಿಗಿಯಾಗಬಾರದು, ಬ್ರೇಕ್ ಹೋಸ್ ಉಜ್ಜಬಾರದು, ಟ್ಯಾಂಕಿಗೆ ಏನೂ ತಾಗಬಾರದು.

ಹ್ಯಾಂಡಲ್‌ಗೆ ಕಟ್ಟಿದ ಶೀಲ್ಡ್ ಅಡ್ಡಗಾಳಿಯನ್ನು ನೇರ ಸ್ಟೀರಿಂಗ್‌ಗೇ ಮುಟ್ಟಿಸುತ್ತದೆ. ಬಸ್ಸು ಓವರ್‌ಟೇಕ್ ಮಾಡುವಾಗ ಮೊದಮೊದಲು ಎದೆ ಧಸಕ್ ಅನ್ನುತ್ತದೆ. ಹಿಡಿತ ಬಿಗಿ ಮಾಡದೆ, ವೇಗ ಇಳಿಸಿದರೆ ಗಾಡಿ ತಾನೇ ಸರಿಹೋಗುತ್ತದೆ. ಹ್ಯಾಂಡಲ್ ಅದುರಲು ಶುರುವಾದರೆ ಪಕ್ಕಕ್ಕೆ ನಿಲ್ಲಿಸಿ ಬಿಚ್ಚಿಡಿ.

ಒರೆಸಲು ಪೆಟ್ರೋಲ್ ಆಗಲಿ, ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇ ಆಗಲಿ ಬೇಡ. ಅಂಟಿದ ಹುಳುಗಳ ಮೇಲೆ ಒದ್ದೆ ಬಟ್ಟೆ ಸ್ವಲ್ಪ ಹೊತ್ತು ಹಾಸಿದರೆ ತಾವಾಗೇ ಬಿಡುತ್ತವೆ. ಮನೆಯಲ್ಲಿ ಹಳೇ ಬೆಡ್‌ಶೀಟ್ ಸುತ್ತಿ ಬೀರು ಹಿಂದೆ ಇಡುತ್ತೇನೆ.

ಹಿಂದೆ ಕೂರುವವರಿಗೆ ಮಾತ್ರ ದೊಡ್ಡ ಫರಕಿಲ್ಲ. ನನ್ನ ತಲೆ ದಾಟಿದ ಗಾಳಿ ಮನೆಯವಳ ಹೆಲ್ಮೆಟ್‌ಗೇ ಹೋಗುತ್ತದೆ. ಅವಳಿಗೊಂದು ಒಳ್ಳೆ ಫುಲ್ ಫೇಸ್ ಹೆಲ್ಮೆಟ್ ಕೊಡಿಸುವುದು ಇನ್ನೂ ಬಾಕಿಯಿದೆ.