ಮೂರು ನಿಮಿಷದ ವಿಡಿಯೊ ಸಾಕು: ಮುಕ್ತ ತಂತ್ರಾಂಶದ ಪ್ರಚಾರಕ್ಕೆ ನೀವೂ ಕೈಜೋಡಿಸಿ

ಮುಕ್ತ ತಂತ್ರಾಂಶದ ಪ್ರಚಾರಕ್ಕೆಂದು ನಾನು ಮಾಡಿದ ಮೊದಲ ವಿಡಿಯೊ 22 ನಿಮಿಷದ್ದು. 1983ರಲ್ಲಿ ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದಲ್ಲಿಂದ ಹಿಡಿದು, ಇಂಥ ತಂತ್ರಾಂಶ ಕೊಡುವ ಬಳಸುವ, ಅರಿಯುವ, ಹಂಚುವ, ತಿದ್ದಿ ಹಂಚುವ ನಾಲ್ಕೂ ಸ್ವಾತಂತ್ರ್ಯಗಳನ್ನು ಬಿಡಿಸಿ ಬಿಡಿಸಿ ಹೇಳಿದ್ದೆ. ಹೈಸ್ಕೂಲಿನಲ್ಲಿ ಪಾಠ ಮಾಡುವ ಚಿಕ್ಕಮ್ಮನಿಗೆ ಕಳಿಸಿದೆ. ‘ಚೆನ್ನಾಗಿದೆ ಕಣೋ. ಆದ್ರೆ ಅಂಗಡೀಲಿ ಟೈಪ್ ಮಾಡಿಸಿದ ಪ್ರಶ್ನೆಪತ್ರಿಕೆ ಶಾಲೆ ಕಂಪ್ಯೂಟರಲ್ಲಿ ತೆಗೆದ್ರೆ ಅಕ್ಷರವೆಲ್ಲ ಕಲಸುಮೇಲೋಗರ ಆಗುತ್ತಲ್ಲ, ಅದಕ್ಕೇನಾದ್ರೂ ಇದೆಯಾ?’ ಅಂದರು. ಎರಡನೇ ವಿಡಿಯೊ ಅದಕ್ಕೆ ಉತ್ತರ, ಬರೀ ಮೂರು ನಿಮಿಷ. ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿದ್ದು ಅದೇ. ಈ ಸೇವೆಗೆ ಇಳಿಯಬೇಕೆಂದಿರುವವರಿಗೆ ನಾನು ತಡವಾಗಿ ಕಲಿತ ದಾರಿ ಇಲ್ಲಿದೆ.

ಮೊದಲು ತೊಡಕು, ತಂತ್ರಾಂಶ ಆಮೇಲೆ

ಸುತ್ತಲಿನವರು ದಿನವೂ ಗೊಣಗುವ ಒಂದೇ ಒಂದು ತೊಂದರೆ ಆರಿಸಿಕೊಳ್ಳಿ. ಚಿಕ್ಕಮ್ಮನ ಸಮಸ್ಯೆಯನ್ನೇ ನೋಡಿ. ನುಡಿಯಂಥ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ‘ಕನ್ನಡ’ ಎಂಬ ಪದ ಇಂಗ್ಲಿಷಿನ ‘ಪಿ’ ಅಕ್ಷರದಿಂದ ಶುರುವಾಗಿ, ನಡುವೆ ಒಂದು ಪೌಂಡ್ ಚಿಹ್ನೆಯೂ ಬಂದು ಕೂರುತ್ತದೆ. ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲಿ ಒಂದೇ ಸಂಕೇತವಿರುವ ಯುನಿಕೋಡ್‌ನಲ್ಲಿ ಟೈಪಿಸಿದರೆ ಈ ಗೋಳಿಲ್ಲ. ಅದಕ್ಕೆ ವರ್ಡ್‌ನಂಥದೇ ಕೆಲಸ ಮಾಡುವ ಮುಕ್ತ ತಂತ್ರಾಂಶ ಲಿಬ್ರೆಆಫೀಸ್ ರೈಟರ್ ಧಾರಾಳವಾಗಿ ಸಾಕು.

ನೀವೇ ಎರಡು ವಾರ ಬಳಸಿ

ತಾನು ಬಳಸದ್ದನ್ನು ಇನ್ನೊಬ್ಬರಿಗೆ ಹೇಳಹೊರಟರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ರೈಟರ್‌ನಲ್ಲಿ ನಿಜವಾದ ಒಂದು ಪ್ರಶ್ನೆಪತ್ರಿಕೆ ಮಾಡಿ, ಎಡವಿದ ಕಡೆಯೆಲ್ಲ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಾನು ಎಡವಿದ್ದು ಫಾಂಟಿನಲ್ಲಿ. ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಭಾಷೆಗಳ ಪುಟದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬುದಕ್ಕೆ ಟಿಕ್ ಹಾಕಿ ಕನ್ನಡ ಆರಿಸಬೇಕು. ಆಗಷ್ಟೇ ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ಫಾಂಟ್ ಇಡುವ ಜಾಗ ಕಾಣಿಸುತ್ತದೆ. ಇನ್ನೊಂದು ಪಿಡಿಎಫ್. ರಫ್ತು ಮಾಡುವಾಗ ‘ಹೈಬ್ರಿಡ್ ಪಿಡಿಎಫ್’ ಎಂಬ ಚೌಕಕ್ಕೆ ಟಿಕ್ ಹಾಕಿದರೆ ಮೂಲ ಕಡತವೂ ಅದರೊಳಗೇ ಉಳಿಯುತ್ತದೆ. ಮುಂದಿನ ವರ್ಷ ಅದೇ ಪಿಡಿಎಫ್ ಅನ್ನು ಲಿಬ್ರೆಆಫೀಸ್‌ನಲ್ಲಿ ತೆರೆದು ತಿದ್ದಬಹುದು. ಚಿಕ್ಕಮ್ಮ ಒಲಿದದ್ದು ಇದಕ್ಕೆ, ನನ್ನ ನಾಲ್ಕು ಸ್ವಾತಂತ್ರ್ಯಗಳಿಗಲ್ಲ.

ರೆಕಾರ್ಡಿಂಗ್

ಪರದೆಯನ್ನು ರೆಕಾರ್ಡ್ ಮಾಡುವ ಒಬಿಎಸ್ ಸ್ಟುಡಿಯೊ ಹಾಕಿಕೊಳ್ಳಿ, ಅದೂ ಮುಕ್ತವೇ. ಕಡತವನ್ನು ಎಂಕೆವಿ ರೂಪದಲ್ಲಿ ಉಳಿಸುವಂತೆ ಇಡಿ. ನಡುವೆ ಕರೆಂಟು ಹೋದರೂ ಅಲ್ಲಿಯವರೆಗಿನದು ಕೈಗೆ ಸಿಗುತ್ತದೆ, ಆಮೇಲೆ ಒಬಿಎಸ್‌ನಲ್ಲೇ ಅದನ್ನು ಎಂಪಿ4 ಮಾಡಿಕೊಳ್ಳಬಹುದು. ಧ್ವನಿಯ ಪಟ್ಟಿ ನೀವು ಮಾತಾಡುವಾಗ ಹಳದಿಯಲ್ಲಿ ಕುಣಿಯಬೇಕು, ಕೆಂಪು ಮುಟ್ಟಬಾರದು. ರೈಟರ್‌ನ ಪುಟ 150ರಿಂದ 200 ಪ್ರತಿಶತ ಹಿಗ್ಗಿರಲಿ, ಏಕೆಂದರೆ ನೋಡುವವರು ಮೊಬೈಲಿನವರು. ಫ್ಯಾನ್ ಆರಿಸಿ. ನಮ್ಮ ಮನೆಯಲ್ಲಿ ಬೆಳಿಗ್ಗೆ ಐದೂವರೆ ಬಿಟ್ಟರೆ ಕುಕ್ಕರ್ ಸೀಟಿಯಿಲ್ಲದ ಹೊತ್ತೇ ಇಲ್ಲ. ಸೂಚನೆಗಳನ್ನೆಲ್ಲ ಬಂದ್ ಮಾಡಿ, ಮೇಲ್ ಮುಚ್ಚಿ. ನನ್ನದೊಂದು ಒಳ್ಳೆಯ ಟೇಕು ಪರದೆಯ ಮೂಲೆಯಲ್ಲಿ ಬ್ಯಾಂಕಿನ ಸಂದೇಶ ಇಣುಕಿ ಹಾಳಾಯಿತು.

ಏನು ಹೇಳಬೇಕು

ಮೊದಲ ಹತ್ತು ಸೆಕೆಂಡಿನಲ್ಲೇ ಸಿದ್ಧವಾದ ಪ್ರಶ್ನೆಪತ್ರಿಕೆ ತೋರಿಸಿಬಿಡಿ, ಮಾಡುವ ಬಗೆ ಆಮೇಲೆ. ‘ಪುಕ್ಕಟೆ’ ಎಂಬ ಮಾತನ್ನು ಹಿಡಿತದಲ್ಲಿಡಿ. ಇಂಗ್ಲಿಷಿನ ‘ಫ್ರೀ’ಗೆ ಪುಕ್ಕಟೆ, ಸ್ವತಂತ್ರ ಎರಡೂ ಅರ್ಥವಿದ್ದು ಇಂಗ್ಲಿಷಿನವರು ನಾಲ್ಕು ದಶಕಗಳಿಂದ ಒದ್ದಾಡುತ್ತಿದ್ದಾರೆ. ನಮಗೆ ಎರಡಕ್ಕೂ ಬೇರೆ ಪದಗಳಿದ್ದೂ ಉಚಿತ, ಉಚಿತ ಎಂದೇ ಕೂಗುತ್ತೇವೆ. ನಾನು ಒಂದೇ ವಾಕ್ಯ ಸೇರಿಸುತ್ತೇನೆ: ‘ಇದನ್ನು ಲ್ಯಾಬಿನ ಎಲ್ಲ ಕಂಪ್ಯೂಟರಿಗೂ, ಮಕ್ಕಳ ಮನೆಗೂ ನಕಲು ಮಾಡಿ ಕೊಡಬಹುದು, ಅದು ಕಳ್ಳತನವಲ್ಲ, ನಿಮ್ಮ ಹಕ್ಕು.’ ಮೇಷ್ಟ್ರುಗಳಿಗೆ ಇಷ್ಟು ಸಾಕು. ಬೇರೆ ತಂತ್ರಾಂಶಗಳನ್ನು ಬೈಯುವುದು ಬೇಡ. ಕುಂದನ್ನೂ ಮುಚ್ಚಿಡಬೇಡಿ: ವರ್ಡ್‌ನಲ್ಲಿ ಮಾಡಿದ ಕೋಷ್ಟಕಗಳು ಇಲ್ಲಿ ಕೆಲವೊಮ್ಮೆ ಅತ್ತಿತ್ತ ಸರಿಯುತ್ತವೆ ಎಂದು ನೀವೇ ಹೇಳಿಬಿಟ್ಟರೆ ಉಳಿದ ಮಾತನ್ನು ನಂಬುತ್ತಾರೆ.

ವಿಡಿಯೊ ಕತ್ತರಿಸಿ ಜೋಡಿಸುವುದಕ್ಕೆ ಕೆಡೆನ್‌ಲೈವ್ ಎಂಬ ಮುಕ್ತ ತಂತ್ರಾಂಶ ಇದೆ. ಹಿನ್ನೆಲೆಗೆ ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ, ಸುಮ್ಮನಿದ್ದರೇ ಚೆಂದ. ಕನ್ನಡ ಅಡಿಬರಹವನ್ನು ನೀವೇ ಬರೆದು ಸೇರಿಸಿ. ಬಸ್ಸಿನಲ್ಲಿ ಸದ್ದು ಆರಿಸಿಕೊಂಡು ನೋಡುವವರೂ ಇದ್ದಾರೆ, ಕಿವಿ ಕೇಳದವರೂ ಇದ್ದಾರೆ.

ಎಲ್ಲಿ ಹಾಕಬೇಕು

ಯೂಟ್ಯೂಬಿನಲ್ಲಿ ಹಾಕುವಾಗ ಪರವಾನಗಿ ಎಂಬಲ್ಲಿ, ಬೇರೆಯವರೂ ಬಳಸಿ ಹಂಚಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಆರಿಸಿ. ಮುಕ್ತತೆಯ ಬಗ್ಗೆ ಮಾತಾಡಿ ನಮ್ಮ ವಿಡಿಯೊಗೇ ಬೀಗ ಹಾಕಿದರೆ ನಗುತ್ತಾರೆ. ವಿಕಿಪೀಡಿಯದ ಚಿತ್ರ, ವಿಡಿಯೊಗಳ ಕಣಜವಾದ ವಿಕಿಮೀಡಿಯ ಕಾಮನ್ಸ್‌ಗೂ ಏರಿಸಬಹುದು, ಆದರೆ ಅಲ್ಲಿ ಎಂಪಿ4 ನಡೆಯದು, ವೆಬ್‌ಎಂ ರೂಪಕ್ಕೆ ಬದಲಿಸಿಕೊಳ್ಳಬೇಕು. ಮುಕ್ತ ತಂತ್ರಾಂಶದಲ್ಲೇ ನಡೆಯುವ ವಿಡಿಯೊ ತಾಣ ಪೀರ್‌ಟ್ಯೂಬ್, ಸಾಮಾಜಿಕ ಜಾಲತಾಣ ಮಾಸ್ಟಡಾನ್ ಇವೆ, ಆದರೆ ನಮ್ಮ ಮೇಷ್ಟ್ರುಗಳು ಅಲ್ಲಿಲ್ಲ. ಅವರಿರುವುದು ವಾಟ್ಸ್‌ಆ್ಯಪ್‌ನಲ್ಲಿ. ಅಲ್ಲಿ ವಿಡಿಯೊವನ್ನು ಸುಮ್ಮನೆ ಕಳಿಸಿದರೆ ಹಿಂಡಿ ಚಿಕ್ಕದಾಗಿ ಮೆನುವಿನ ಅಕ್ಷರ ಮಸಕಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಜೊತೆಗೆ ಹಂತಗಳನ್ನು ಬರೆದ ಒಂದು ಪುಟವೂ ಇರಲಿ. ಹೊಸ ವಿಡಿಯೊಗೆ ನೆಪ ಬೇಕಿದ್ದರೆ ಸೆಪ್ಟೆಂಬರಿನ ಮೂರನೇ ಶನಿವಾರ ತಂತ್ರಾಂಶ ಸ್ವಾತಂತ್ರ್ಯ ದಿನ ಬರುತ್ತದೆ.

ಅಸಲಿ ಕೆಲಸ

ವಿಡಿಯೊ ಹೋದ ಸಂಜೆಯಿಂದ ಪ್ರಶ್ನೆಗಳು ಬರುತ್ತವೆ, ಸ್ವಯಂಸೇವೆಯ ಭಾರ ಇರುವುದೇ ಇಲ್ಲಿ. ವಾರಕ್ಕೆ ಎರಡು ಸಂಜೆ ಇದಕ್ಕೆಂದೇ ಇಟ್ಟುಕೊಳ್ಳಿ. ಆಗದಿದ್ದರೆ ವಿಡಿಯೊ ಮಾಡುವುದನ್ನೇ ಕಡಿಮೆ ಮಾಡಿ. ಮೆನುವಿನ ಕನ್ನಡ ತಪ್ಪಿದೆ ಎಂದರೆ ಲಿಬ್ರೆಆಫೀಸ್‌ನ ಅನುವಾದ ನಡೆಯುವ ವೆಬ್‌ಲೇಟ್‌ಗೆ ಹೋಗಿ ಸಲಹೆ ಕೊಡಿ, ತಂತ್ರಾಂಶವೇ ತಪ್ಪಿದ್ದರೆ ಬಗ್‌ಜಿಲ್ಲಾದಲ್ಲಿ ದೂರು ದಾಖಲಿಸಿ. ಉಳಿದವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನನ್ನ ಪುಸ್ತಕದಲ್ಲಿ ಈಗ ಮೇಲಿರುವುದು ಚಿಕ್ಕಮ್ಮನ ಶಾಲೆಯ ಗಣಿತದ ಮೇಷ್ಟ್ರದ್ದು: ‘ಭಿನ್ನರಾಶಿ ಹಾಕೋದು ಹೇಗೆ?’ ಇನ್ಸರ್ಟ್ ಮೆನುವಿನಲ್ಲಿ ಫಾರ್ಮುಲಾ ತೆರೆದು 1, ಇಂಗ್ಲಿಷಿನ ‘ಓವರ್’, ಆಮೇಲೆ 2 ಎಂದು ಟೈಪಿಸಿದರೆ ಮೇಲೆ ಒಂದು, ಕೆಳಗೆ ಎರಡು, ನಡುವೆ ಗೆರೆ. ನಾಳೆ ಬೆಳಿಗ್ಗೆ ಐದೂವರೆಗೆ ಅದನ್ನೇ ರೆಕಾರ್ಡ್ ಮಾಡುವುದು.