ಆಟ ಮುಗಿದ ಮೇಲಿನ ಸ್ನಾನ: ಶವರ್ ಜೆಲ್ ಬಳಸುತ್ತಾ ನಾನು ಕಂಡುಕೊಂಡದ್ದು

ಯಕ್ಷಗಾನದಲ್ಲಿ ಕುಣಿತಕ್ಕೆ ಗುರುಗಳಿದ್ದಾರೆ, ಅರ್ಥಗಾರಿಕೆಗೆ ಗುರುಗಳಿದ್ದಾರೆ, ಮುಖವರ್ಣಿಕೆಗೂ ಇದ್ದಾರೆ. ವೇಷ ಕಳಚಿದ ಮೇಲೆ ಮೈ ತೊಳೆದುಕೊಳ್ಳುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಉಡುಪಿಯ ಸುತ್ತಮುತ್ತ ವರ್ಷಗಳಿಂದ ಹವ್ಯಾಸಿ ವೇಷಧಾರಿಯಾಗಿರುವ ನಾನು ಇದನ್ನು ಸಣ್ಣ ವಿಷಯವೆಂದು ಭಾವಿಸಿಲ್ಲ. ಹಗಲು ಕಚೇರಿ, ರಾತ್ರಿ ವೇಷ ಕಟ್ಟುವ ಚೌಕಿ. ಎರಡಕ್ಕೂ ಇರುವುದು ಒಂದೇ ಮೈ, ಒಂದೇ ಚರ್ಮ.

ದಗಲೆ ಎಂಬ ಮೇಲಂಗಿಯ ಮೇಲೆ ಭುಜಕೀರ್ತಿ, ಎದೆಪದಕ, ಸೊಂಟಕ್ಕೆ ಬಿಗಿದ ಡಾಬು, ಕಾಲಿಗೆ ಗೆಜ್ಜೆ. ಎಲ್ಲವನ್ನೂ ಹಗ್ಗದಿಂದ ಬಿಗಿಯಾಗಿ ಕಟ್ಟಿರುತ್ತಾರೆ. ನಮ್ಮ ಕರಾವಳಿಯ ಸೆಖೆಯಲ್ಲಿ ಅರ್ಧ ಗಂಟೆ ಕುಣಿದರೆ ಒಳಗಿನ ಬಟ್ಟೆ ಹಿಂಡುವಷ್ಟು ಒದ್ದೆಯಾಗುತ್ತದೆ. ಭುಜ, ಸೊಂಟ ಮತ್ತು ಕಣಕಾಲಿನ ಮೇಲೆ ಹಗ್ಗ ಉಜ್ಜಿದ ಕೆಂಪು ಗೆರೆಗಳು ಬೆಳಗಾದರೂ ಹೋಗುವುದಿಲ್ಲ. ಬೆವರಿನ ಉಪ್ಪು, ಬಣ್ಣದ ಎಣ್ಣೆ, ಬಟ್ಟೆಯ ತಿಕ್ಕಾಟ ಮೂರೂ ಸೇರಿದ ಆ ಚರ್ಮವನ್ನು ಮನೆಗೆ ಬಂದು ಮತ್ತೆ ಗಸಗಸ ಉಜ್ಜಿದರೆ ಅದು ತಡೆದುಕೊಳ್ಳುವುದು ಹೇಗೆ?

ನಮ್ಮ ಕಡೆ ಒಂದು ನಂಬಿಕೆ ಗಟ್ಟಿಯಾಗಿದೆ: ಇಲ್ಲಿ ಗಾಳಿಯೇ ತೇವ, ಆದ್ದರಿಂದ ಮೈ ಒಣಗುವ ಮಾತೇ ಇಲ್ಲ, ಅದೇನಿದ್ದರೂ ಬಯಲುಸೀಮೆಯವರ ಕಷ್ಟ ಎಂದು. ನಿಮ್ಮ ಮೊಣಕಾಲಿನ ಕೆಳಗಿನ ಮುಂಭಾಗವನ್ನು ಒಮ್ಮೆ ಬೆಳಕಿನಲ್ಲಿ ನೋಡಿಕೊಳ್ಳಿ. ಉಗುರಿನಿಂದ ಮೆಲ್ಲಗೆ ಒಂದು ಗೆರೆ ಎಳೆಯಿರಿ. ಬಿಳಿ ಗೆರೆ ಮೂಡಿ ಹಾಗೆಯೇ ನಿಂತರೆ, ಅದರ ಬದಿಯಲ್ಲಿ ಹಿಟ್ಟಿನಂಥ ಪುಡಿ ಎದ್ದರೆ, ಚರ್ಮ ಒಣಗಿದೆ ಎಂದೇ ಅರ್ಥ. ದಿನಕ್ಕೆ ಎರಡು ಸಲ ಸಾಬೂನು ಹಚ್ಚಿ ಬಿಸಿನೀರು ಸುರಿದುಕೊಳ್ಳುವ ಕರಾವಳಿಯ ಅನೇಕರ ಕಾಲಲ್ಲಿ ಈ ಗೆರೆ ಮೂಡುತ್ತದೆ.

ಕಾರಣ ಸರಳ. ಚರ್ಮದ ತೀರ ಹೊರಗಿನ ಪದರ ಸತ್ತ ಜೀವಕೋಶಗಳದ್ದು. ಅವು ಕೆಂಪುಕಲ್ಲಿನ ಗೋಡೆಯಂತೆ ಒಂದರ ಮೇಲೊಂದು ಕೂತಿರುತ್ತವೆ. ನಡುವಿನ ಗಾರೆಯ ಕೆಲಸವನ್ನು ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ಮಾಡುತ್ತವೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ರೋಗಾಣು ಒಳಗೆ ಬಾರದಂತೆ ತಡೆಯುವುದು ಈ ಗಾರೆಯೇ. ಮೈಯ ಜಿಡ್ಡನ್ನು ಕರಗಿಸುವ ಯಾವ ವಸ್ತುವೂ ಈ ಗಾರೆಯನ್ನು ಸ್ವಲ್ಪವಾದರೂ ಕರಗಿಸದೆ ಬಿಡುವುದಿಲ್ಲ. ಹಾಗಾಗಿ ನನ್ನ ಪ್ರಶ್ನೆ ಒಂದೇ: ಕೊಳೆ ಹೋಗಬೇಕು, ಗಾರೆ ಉಳಿಯಬೇಕು, ಅದಕ್ಕೆ ಏನು ಮಾಡಬೇಕು? ಮೈ ಮೃದುವಾಗುವುದು ಜೆಲ್ ಸುರಿದುಕೊಳ್ಳುವುದರಿಂದಲ್ಲ. ಅದನ್ನು ಮಿತವಾಗಿ ಹಚ್ಚಿ, ಬೇಗ ತೊಳೆದು, ಮೈಯ ತೇವ ಆರುವ ಮೊದಲೇ ಅದನ್ನು ಒಳಗೆ ಹಿಡಿದಿಟ್ಟರೆ ಮೃದುವಾಗುತ್ತದೆ.

ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿರುತ್ತದೆ, ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಸುಮಾರು 5ರ ಆಸುಪಾಸು (7 ನಡುಮಟ್ಟ, ಅದಕ್ಕಿಂತ ಮೇಲಿನದು ಕ್ಷಾರ). ಎಣ್ಣೆ ಮತ್ತು ಕ್ಷಾರದಿಂದ ತಯಾರಾಗುವ ಸಾಂಪ್ರದಾಯಿಕ ಸಾಬೂನಿನ ಪಿಎಚ್ 9ರಿಂದ 10. ಸ್ನಾನವಾದ ಮೇಲೆ ಚರ್ಮ ತನ್ನ ಆಮ್ಲೀಯತೆಗೆ ಮರಳಲು ಸಮಯ ಹಿಡಿಯುತ್ತದೆ. ಶವರ್ ಜೆಲ್‌ನಲ್ಲಿ ಸಾಮಾನ್ಯವಾಗಿ ಸಾಬೂನು ಇರುವುದಿಲ್ಲ, ಬೇರೆ ಬಗೆಯ ಶುದ್ಧಿಕಾರಕಗಳಿರುತ್ತವೆ. ಆದ್ದರಿಂದ ಅದರ ಪಿಎಚ್ ಅನ್ನು ಚರ್ಮಕ್ಕೆ ಹತ್ತಿರವಾಗುವಂತೆ ಹೊಂದಿಸಲು ಸಾಧ್ಯ. ನಾನು ಜೆಲ್‌ಗೆ ಬದಲಾದದ್ದು ಈ ಒಂದು ಕಾರಣಕ್ಕೆ. ಆದರೆ ಬಾಟಲಿಯ ಮೇಲೆ ಜೆಲ್ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಸೌಮ್ಯವಲ್ಲ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಲೇಬೇಕು.

ಅಲ್ಲಿನ ಘಟಕಗಳ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದಲ್ಲಿರುವುದು ಮೊದಲು, ಕಡಿಮೆ ಇರುವುದು ಅನಂತರ ಬರುತ್ತದೆ. ಮೊದಲ ಹೆಸರು ಆಕ್ವಾ, ಅಂದರೆ ನೀರು. ಎರಡನೆಯದು ಬಹುಪಾಲು ಸೋಡಿಯಂ ಲಾರೆತ್ ಸಲ್ಫೇಟ್ ಎಂಬ ಶುದ್ಧಿಕಾರಕ. ಇದೇ ಧಾಟಿಯಲ್ಲಿ ಕೇಳಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇನ್ನೊಂದಿದೆ. ಅದು ಹೆಚ್ಚು ಕಠಿಣ. ಚರ್ಮದ ಉರಿಯನ್ನು ಅಧ್ಯಯನ ಮಾಡುವಾಗ ಬೇಕೆಂದೇ ಉರಿ ತರಿಸಲು ಸಂಶೋಧಕರು ಬಳಸುವುದು ಅದನ್ನೇ. ಒಂದೆರಡು ಅಕ್ಷರದ ವ್ಯತ್ಯಾಸ, ಮೈಮೇಲಿನ ಪರಿಣಾಮ ಬೇರೆ. ಕೊಕಾಮಿಡೋಪ್ರೊಪೈಲ್ ಬೀಟೈನ್ ಎಂಬ ಉದ್ದ ಹೆಸರು ಕಂಡರೆ ಗಾಬರಿ ಬೇಡ. ಅದು ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಿಂದ ತಯಾರಾಗುವ ಶುದ್ಧಿಕಾರಕ, ಜೊತೆಗಿರುವ ಲಾರೆತ್ ಸಲ್ಫೇಟ್‌ನ ಕಾಠಿಣ್ಯವನ್ನೂ ತಗ್ಗಿಸುತ್ತದೆ. ಡೆಸೈಲ್ ಗ್ಲುಕೋಸೈಡ್, ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಇನ್ನೂ ಸೌಮ್ಯ. ತೇವವನ್ನು ಹಿಡಿದಿಡುವ ಗ್ಲಿಸರಿನ್ ಪಟ್ಟಿಯ ಮೊದಲರ್ಧದಲ್ಲೇ ಇದ್ದರೆ ಒಳ್ಳೆಯದು. ಹೊಸ ಬಾಟಲಿಯನ್ನು ತಂದ ದಿನವೇ ಮೈಗೆಲ್ಲ ಹಚ್ಚುವುದಿಲ್ಲ. ಮುಂಗೈಯ ಒಳಬದಿಯಲ್ಲಿ ಕೆಲವು ದಿನ ಹಚ್ಚಿ ತೊಳೆದು, ಕೆಂಪಾಗುವುದಿಲ್ಲ, ತುರಿಸುವುದಿಲ್ಲ ಎಂದು ಖಚಿತವಾದ ಮೇಲಷ್ಟೇ ಸ್ನಾನಕ್ಕೆ ಎತ್ತಿಕೊಳ್ಳುತ್ತೇನೆ.

ಇನ್ನು ಸ್ನಾನದ ವಿಷಯ. ವೇಷದ ಬಣ್ಣವನ್ನು ಕಲಸುವುದು ತೆಂಗಿನೆಣ್ಣೆಯಲ್ಲಿ, ತೆಗೆಯುವುದೂ ಅದರಲ್ಲೇ. ಚೌಕಿಯಲ್ಲಿ ತಲೆತಲಾಂತರದಿಂದ ನಡೆದು ಬಂದ ಈ ಕ್ರಮದ ಹಿಂದೆ ನಿಜವಾದ ವಿಜ್ಞಾನವಿದೆ. ಎಣ್ಣೆಯಲ್ಲಿ ಕಲಸಿದ್ದು ಎಣ್ಣೆಗೇ ಬಿಡುತ್ತದೆ. ಬಣ್ಣವಿರುವಲ್ಲಿ ಧಾರಾಳವಾಗಿ ಎಣ್ಣೆ ಹಚ್ಚಿ, ಬೆರಳ ತುದಿಯಿಂದ ವೃತ್ತಾಕಾರದಲ್ಲಿ ಸವರುತ್ತೇನೆ. ಹುಬ್ಬಿನ ಸಂದಿ, ಕಿವಿಯ ಹಿಂಭಾಗ, ಮೂಗಿನ ಮಗ್ಗುಲು, ಕತ್ತು: ಬಣ್ಣ ಅಡಗಿ ಕೂರುವುದು ಇಲ್ಲೆಲ್ಲ. ಹಳೆಯ ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸುತ್ತೇನೆ. ಬಟ್ಟೆಯಲ್ಲಿ ಬಣ್ಣ ಕಾಣಿಸದಾಗುವವರೆಗೆ ಮತ್ತೆ ಎಣ್ಣೆ, ಮತ್ತೆ ಬಟ್ಟೆ. ಎಣ್ಣೆಯ ಕೆಲಸ ಮುಗಿಯುವ ಮೊದಲು ಜೆಲ್ ಹಚ್ಚಿದರೆ ಬಣ್ಣವನ್ನು ಬಿಡಿಸಲು ಉಜ್ಜಬೇಕಾಗುತ್ತದೆ, ಉಜ್ಜಿದಲ್ಲಿ ಚರ್ಮ ಕೆಂಪಾಗುತ್ತದೆ. ಮೈಗೆ ಹಚ್ಚುವ ಜೆಲ್ಲನ್ನು ನಾನು ಮುಖಕ್ಕೆ ಹಚ್ಚುವುದಿಲ್ಲ. ಮುಖಕ್ಕೆ ಬೇರೆ, ಹೆಚ್ಚು ಸೌಮ್ಯವಾದ ಫೇಸ್ ವಾಷ್ ಇಟ್ಟಿದ್ದೇನೆ.

ನಮ್ಮ ಮನೆಯ ಬಚ್ಚಲಲ್ಲಿ ಈಗಲೂ ಹಂಡೆಯಿದೆ. ತೆಂಗಿನ ಮಡಲು, ಸಿಪ್ಪೆ ತುರುಕಿ ಒಲೆ ಹಚ್ಚಿದರೆ ನೀರು ಕುದಿಯುವಷ್ಟು ಕಾಯುತ್ತದೆ. ಮಳೆಗಾಲದ ಮುಂಜಾನೆ ಆ ನೀರನ್ನು ಬೆನ್ನಿಗೆ ಸುರಿದುಕೊಳ್ಳುವ ಸುಖ ನನಗೆ ಚೆನ್ನಾಗಿ ಗೊತ್ತು. ಆದರೆ ಬಿಸಿ ಹೆಚ್ಚಿದಷ್ಟೂ ಚರ್ಮದ ಜಿಡ್ಡು ಬೇಗ ಕರಗುತ್ತದೆ, ಅದರ ಜೊತೆಗೆ ಜೆಲ್ ಸೇರಿದರೆ ಇನ್ನೂ ಬೇಗ. ಅದಕ್ಕೇ ಮಣಿಕಟ್ಟಿನ ಒಳಭಾಗಕ್ಕೆ ನೀರು ಹಾಕಿ ನೋಡಿ, ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಹದಕ್ಕೆ ತರುತ್ತೇನೆ. ಹತ್ತು ನಿಮಿಷದೊಳಗೆ ಸ್ನಾನ ಮುಗಿಯಬೇಕು. ದೀಪಾವಳಿಯ ಎಣ್ಣೆಸ್ನಾನ ಬಿಟ್ಟರೆ ಈ ನಿಯಮ ಮುರಿಯುವುದಿಲ್ಲ.

ಬಾಟಲಿಯ ಮೇಲಿನ ಸೂಚನೆಗಳು ಶವರ್ ಇರುವವರಿಗಾಗಿ ಬರೆದವು. ಬಕೆಟ್ಟು, ಚೊಂಬಿನ ಸ್ನಾನಕ್ಕೆ ಕ್ರಮವನ್ನು ನಾವೇ ಹೊಂದಿಸಿಕೊಳ್ಳಬೇಕು. ಜೆಲ್ಲನ್ನು ಬಕೆಟ್ಟಿನ ನೀರಿಗೆ ಬೆರೆಸಬಾರದು. ಹಾಗೆ ಮಾಡಿದರೆ ಕೊನೆಯ ಚೊಂಬಿನವರೆಗೂ ಮೈಮೇಲೆ ಅದೇ ಸುರಿಯುತ್ತಿರುತ್ತದೆ, ತೊಳೆದುಹೋಗುವುದೇ ಇಲ್ಲ. ಮೊದಲು ಮೂರ್ನಾಲ್ಕು ಚೊಂಬು ಬರಿಯ ನೀರು. ಉಪ್ಪು ಮತ್ತು ಬೆವರು ನೀರಿನಲ್ಲೇ ಕರಗುವುದರಿಂದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆಮೇಲೆ ಅಂಗೈ ಗುಳಿಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟಗಲ ಜೆಲ್. ಅದಕ್ಕೆ ನಾಲ್ಕು ಹನಿ ನೀರು ಸೇರಿಸಿ, ಎರಡೂ ಅಂಗೈ ಉಜ್ಜಿ ನೊರೆ ಬರಿಸಿಕೊಳ್ಳುತ್ತೇನೆ. ನೇರವಾಗಿ ಬಾಟಲಿಯಿಂದ ಎದೆಗೆ ಸುರಿದರೆ ಬಿದ್ದ ಜಾಗದಲ್ಲಿ ಗಾಢವಾಗಿ ಕೂರುತ್ತದೆ, ಉಳಿದಲ್ಲಿಗೆ ತಲುಪುವುದಿಲ್ಲ. ಒಂದು ಸ್ನಾನಕ್ಕೆ ಐದು ಮಿಲಿಲೀಟರ್ ಸಾಕು. 250 ಮಿಲಿಲೀಟರ್ ಬಾಟಲಿಯಲ್ಲಿ ಐವತ್ತು ಸ್ನಾನ ಆಗಬೇಕು. ಅದಕ್ಕಿಂತ ಬಹಳ ಮೊದಲೇ ಮುಗಿದರೆ ಸುರಿಯುವ ಕೈಯನ್ನು ಬಿಗಿ ಹಿಡಿಯಬೇಕು.

ನೊರೆ ಮೊದಲು ಹೋಗಬೇಕಾದದ್ದು ಕಂಕುಳು, ತೊಡೆಸಂದಿ, ಪಾದ, ಬೆನ್ನಿನ ನಡುಭಾಗಕ್ಕೆ. ಬೆವರಿನ ವಾಸನೆ ಹುಟ್ಟುವುದು, ಜಿಡ್ಡು ನಿಲ್ಲುವುದು ಅಲ್ಲಿ. ತೋಳು, ಮೊಣಕಾಲಿನ ಕೆಳಭಾಗದಲ್ಲಿ ಜಿಡ್ಡಿನ ಗ್ರಂಥಿಗಳೇ ಕಡಿಮೆ. ಅಂಗೈಯಲ್ಲಿ ಉಳಿದ ನೊರೆಯನ್ನು ಒಮ್ಮೆ ಸವರಿದರೆ ಮುಗಿಯಿತು. ಗುಪ್ತಾಂಗದ ಒಳಭಾಗಕ್ಕೆ ಜೆಲ್ ಬೇಡವೇ ಬೇಡ. ಬೇಸಿಗೆಯಲ್ಲಿ ಎರಡು ಹೊತ್ತು ಸ್ನಾನ ಮಾಡದೆ ಇಲ್ಲಿ ಬದುಕಲಾಗದು, ಮಾಡೋಣ. ಒಂದು ಹೊತ್ತು ಮಾತ್ರ ಜೆಲ್, ಇನ್ನೊಂದು ಹೊತ್ತು ಬರಿಯ ನೀರು. ಹಗ್ಗ ಉಜ್ಜಿ ಕೆಂಪಾದ ಗೆರೆಗಳ ಮೇಲೆ ಆ ದಿನ ಜೆಲ್ ಹಚ್ಚುವುದೇ ಇಲ್ಲ, ನೀರು ಹರಿಸಿ ಬಿಡುತ್ತೇನೆ.

ಉಜ್ಜಲು ನನಗೆ ಕೈಯೇ ಸಾಕು. ಒಣಗಿದ ತುಪ್ಪದ ಹೀರೆಯ ನಾರನ್ನು ನಮ್ಮಲ್ಲಿ ಹಿಂದಿನಿಂದಲೂ ಬಳಸುತ್ತಾರೆ, ನನಗೂ ಅದರ ಮೇಲೆ ಪ್ರೀತಿಯಿದೆ, ಆದರೆ ಹಿಮ್ಮಡಿಗೆ ಮಾತ್ರ. ಕರಾವಳಿಯ ಬಚ್ಚಲಲ್ಲಿ ನಾರು ಒಣಗುವುದೇ ಇಲ್ಲ, ಮಳೆಗಾಲದಲ್ಲಂತೂ ವಾರಗಟ್ಟಲೆ ಪಸೆ ಹಿಡಿದಿರುತ್ತದೆ. ಅದರ ಸಂದಿಗಳಲ್ಲಿ ಸಿಕ್ಕಿದ ಸತ್ತ ಚರ್ಮದ ಚೂರುಗಳನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬಳಸುವವರು ಪ್ರತಿಸಲ ಹಿಂಡಿ, ಬಚ್ಚಲಿನ ಹೊರಗೆ ಗಾಳಿ ಬಿಸಿಲು ತಾಗುವಲ್ಲಿ ತೂಗುಹಾಕಿ, ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಬೇಕು.

ತೊಳೆಯುವುದರಲ್ಲಿ ನೀರಿನ ಗುಣವೂ ಸೇರಿಕೊಳ್ಳುತ್ತದೆ. ಮುರಕಲ್ಲಿನ ನೆಲದ ನಮ್ಮ ಬಾವಿಗಳ ನೀರು ಹೆಚ್ಚಿನ ಕಡೆ ಮೆದು. ಮೆದು ನೀರಿನಲ್ಲಿ ನೊರೆ ಬೇಗ ಏಳುತ್ತದೆ, ಸುಲಭವಾಗಿ ಬಿಡುವುದಿಲ್ಲ, ಆದ್ದರಿಂದ ಜೆಲ್ ಇನ್ನೂ ಕಡಿಮೆ ಸಾಕು. ಮಲ್ಪೆಯಂಥ ಕಡಲ ಬದಿಯ ಕೆಲವು ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ಉಪ್ಪಾಗುತ್ತದೆ. ಆಗ ನೊರೆ ಸರಿಯಾಗಿ ಏಳುವುದಿಲ್ಲ. ನೊರೆ ಬರಲೆಂದು ಜೆಲ್ ಹೆಚ್ಚಿಸುತ್ತಾ ಹೋದರೆ ಚರ್ಮಕ್ಕೆ ಎರಡು ಪಟ್ಟು ಹೊಡೆತ. ಅಂಥ ದಿನಗಳಲ್ಲಿ ಕೊನೆಯ ಎರಡು ಚೊಂಬಿಗಾದರೂ ನಲ್ಲಿಯ ಸಿಹಿನೀರು ಎತ್ತಿಡುವುದು ಒಳ್ಳೆಯದು. ಉಡುಪಿ ಪೇಟೆಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ, ಮಂಗಳೂರಿಗೆ ನೇತ್ರಾವತಿಯ ತುಂಬೆಯಿಂದ ಬರುವ ನೀರು ಈ ಕೆಲಸಕ್ಕೆ ಸಾಕಷ್ಟು ಚೆನ್ನಾಗಿದೆ.

ಎಲ್ಲಕ್ಕಿಂತ ದೊಡ್ಡ ಲಾಭ ಸಿಗುವುದು ಸ್ನಾನ ಮುಗಿದ ಮೊದಲ ಮೂರು ನಿಮಿಷಗಳಲ್ಲಿ. ಬೈರಾಸಿನಿಂದ ತಿಕ್ಕಿ ಒರೆಸುವುದಿಲ್ಲ, ಒತ್ತಿ ಒತ್ತಿ ನೀರು ಹೀರಿಸುತ್ತೇನೆ. ಚರ್ಮದ ಮೇಲೆ ಇನ್ನೂ ತೇವದ ಪಸೆ ಇರುವಾಗಲೇ ಗ್ಲಿಸರಿನ್ ಇರುವ ತೆಳು ಲೋಷನ್ ಹಚ್ಚುತ್ತೇನೆ. ಚಳಿಗಾಲದ ಡಿಸೆಂಬರ್, ಜನವರಿಯಲ್ಲಿ ಮೂಡಣ ಗಾಳಿ ಬೀಸುವಾಗ ಲೋಷನ್ ಬದಲು ಒಂದೆರಡು ಹನಿ ತೆಂಗಿನೆಣ್ಣೆಯನ್ನು ಒದ್ದೆ ಕಾಲಿಗೆ ಸವರುತ್ತೇನೆ. ಒಣಮೈಗೆ ಹಚ್ಚಿದ ಎಣ್ಣೆ ಮೇಲೆ ಮೇಲೆ ಉಳಿಯುತ್ತದೆ. ಒದ್ದೆಮೈಗೆ ಹಚ್ಚಿದ್ದು ನೀರನ್ನು ಆರಲು ಬಿಡದೆ ತಡೆಯುತ್ತದೆ. ಬೆನ್ನು, ಎದೆಯಲ್ಲಿ ಮೊಡವೆ ಏಳುವವರಿಗೆ ಎಣ್ಣೆ ಬೇಡ. ಸಿಬ್ಬು ಇರುವವರಿಗೂ ಬೇಡ, ಸಿಬ್ಬಿಗೆ ಕಾರಣವಾದ ಮಲಸೀಝಿಯಾ ಶಿಲೀಂಧ್ರಕ್ಕೆ ಕೊಬ್ಬಿನಾಮ್ಲಗಳೇ ಆಹಾರ.

ಅಮ್ಮನ ಸ್ನಾನದಲ್ಲಿ ಕ್ರಮ ಇನ್ನಷ್ಟು ಬೇರೆ. ವಯಸ್ಸಾದಂತೆ ಮೈಯ ಜಿಡ್ಡು ಕಡಿಮೆಯಾಗಿ ಚರ್ಮ ಕಾಗದದಷ್ಟು ತೆಳುವಾಗುತ್ತದೆ. ರಾತ್ರಿ ಕಾಲು ತುರಿಸಿ ನಿದ್ದೆಗೆಡುವ ಹಿರಿಯರು ಎಷ್ಟು ಮನೆಗಳಲ್ಲಿಲ್ಲ! ಅವರಿಗೆ ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ ಪರಿಮಳವಿಲ್ಲದ ಜೆಲ್, ಉಳಿದ ಮೈಗೆ ಉಗುರುಬೆಚ್ಚಗಿನ ನೀರು, ತಕ್ಷಣ ದಪ್ಪನೆಯ ಕ್ರೀಮು. ಜೆಲ್ ಬಿದ್ದ ನೆಲ ಬಹಳ ಜಾರುತ್ತದೆ. ಬಚ್ಚಲ ಕಲ್ಲಿನ ಮೇಲೆ ರಬ್ಬರ್ ಚಾಪೆ ಹಾಕದೆ, ಕುರ್ಚಿಯಲ್ಲಿ ಕೂರಿಸದೆ ಅವರಿಗೆ ಜೆಲ್ ಕೊಡಲೇಬಾರದು.

ಪರಿಮಳದ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಚರ್ಮಕ್ಕೆ ಅಲರ್ಜಿ ತರುವ ವಸ್ತುಗಳಲ್ಲಿ ಸುಗಂಧದ್ರವ್ಯಗಳು ಮುಂಚೂಣಿಯಲ್ಲಿವೆ. ಶಂಕರಪುರದ ಮಲ್ಲಿಗೆ ಕೈಗೆಟುಕುವ ಊರಿನಲ್ಲಿ ಬಾಟಲಿಯೊಳಗಿನ ಮಲ್ಲಿಗೆ ಯಾಕೆ ಬೇಕು? ‘ರೋಗಾಣುನಾಶಕ’ ಎಂಬ ಪಟ್ಟಿಗೂ ಹೆಚ್ಚು ಬೆಲೆ ತೆರಬೇಕಿಲ್ಲ. ಟ್ರೈಕ್ಲೋಸಾನ್ ಸೇರಿದಂತೆ 19 ರೋಗಾಣುನಾಶಕ ರಾಸಾಯನಿಕಗಳಲ್ಲಿ ಯಾವುದಾದರೂ ಇರುವ ಗೃಹಬಳಕೆಯ ಸಾಬೂನು ಮತ್ತು ಬಾಡಿ ವಾಷ್‌ಗಳ ಮಾರಾಟವನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ನಿಷೇಧಿಸಿತು. ಸಾಮಾನ್ಯ ಸಾಬೂನು ನೀರಿಗಿಂತ ಅವು ಮೇಲು ಎಂಬುದನ್ನು ತಯಾರಕರು ತೋರಿಸಿಕೊಡಲಿಲ್ಲ.

ಬಾಟಲಿಯ ತಳದಲ್ಲಿ ಉಳಿದ ಜೆಲ್‌ಗೆ ನೀರು ಸೇರಿಸಿ ಕುಲುಕಿ ದಿನಗಟ್ಟಲೆ ಬಳಸುವ ರೂಢಿ ಬಹಳ ಮನೆಗಳಲ್ಲಿದೆ. ನೀರು ಬೆರೆತರೆ ಅದರಲ್ಲಿರುವ ಸಂರಕ್ಷಕ ತೆಳುವಾಗಿ ರೋಗಾಣು ಬೆಳೆಯಲು ದಾರಿಯಾಗುತ್ತದೆ. ಹಿಂದಿನ ರಾತ್ರಿ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಇಳಿದಷ್ಟನ್ನು ಬಳಸಿದರೆ ಆಯಿತು. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಎಂದಿದ್ದರೆ, ತೆರೆದ ಮೇಲೆ ಹನ್ನೆರಡು ತಿಂಗಳೊಳಗೆ ಮುಗಿಸಬೇಕು ಎಂದರ್ಥ.

ಮಳೆಗಾಲದಲ್ಲಿ ಮಾತ್ರ ಜೆಲ್‌ಗಿಂತ ಒಣಬಟ್ಟೆ ಮುಖ್ಯ. ಕಾಲ್ಬೆರಳ ಸಂದಿ, ತೊಡೆಸಂದಿ, ಸೊಂಟಪಟ್ಟಿಯ ಜಾಗವನ್ನು ಪೂರ್ತಿ ಒಣಗಿಸಿಯೇ ಬಟ್ಟೆ ತೊಡುತ್ತೇನೆ. ಹಿಂದಿನ ದಿನದ ಹಸಿ ಬನಿಯನ್ನನ್ನು ಮತ್ತೆ ಹಾಕಿಕೊಳ್ಳುವುದಿಲ್ಲ. ಅಂಚು ಕೆಂಪಾಗಿ ಉಬ್ಬಿ ಉಂಗುರದಂತೆ ಹರಡುವ ತುರಿಕೆ ಕಂಡರೆ ಅದು ಹುಳುಕಡ್ಡಿ ಇರಬಹುದು, ಯಾವ ಜೆಲ್ಲೂ ಅದನ್ನು ವಾಸಿ ಮಾಡುವುದಿಲ್ಲ. ಚೌಕಿಯಲ್ಲಿ ಒಬ್ಬರ ಪೆಟ್ಟಿಗೆಯಿಂದ ಇನ್ನೊಬ್ಬರ ಕೈಗೆ ಹೋಗುವ ಮುಲಾಮಿನ ಟ್ಯೂಬನ್ನು ದಯವಿಟ್ಟು ಮುಟ್ಟಬೇಡಿ. ಅಂಥ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ನಾಲ್ಕು ದಿನ ತುರಿಕೆ ತಗ್ಗಿಸಿ, ಒಳಗೊಳಗೇ ಶಿಲೀಂಧ್ರವನ್ನು ಹರಡಲು ಬಿಡುತ್ತದೆ. ನೇರವಾಗಿ ಚರ್ಮರೋಗ ತಜ್ಞರಿಗೆ ತೋರಿಸಿ, ಅವರು ಹೇಳಿದಷ್ಟು ವಾರ ಔಷಧಿ ಹಚ್ಚಿ. ಆ ವಾರಗಳಲ್ಲಿ ನಿಮ್ಮ ವೇಷದ ಒಳಬಟ್ಟೆಯನ್ನು ಬೇರೆಯವರಿಗೆ ಕೊಡಬೇಡಿ.